ಟಿ.ಸಿ. ಇಲ್ಲದೆ ಹೊರಟ ಮಯೂರಶರ್ಮ

ಶಿರಾಳಕೊಪ್ಪದಿಂದ ತಾಳಗುಂದಕ್ಕೆ ಐದಾರು ಕಿಲೋಮೀಟರ್ ಇರಬಹುದು. ಒಂದು ಶನಿವಾರ ಬೆಂಗಳೂರಿನ ಗದ್ದಲ ಬಿಟ್ಟು ಅಲ್ಲಿಗೆ ಹೋಗಿ, ಪ್ರಣವೇಶ್ವರ ದೇವಸ್ಥಾನದ ಎದುರಿನ ಕಂಬದ ಮುಂದೆ ನಿಂತಿದ್ದೆ. ಶಾಲೆಯ ಪಾಠದಲ್ಲಿ ಎರಡು ಸಾಲಲ್ಲಿ ಮುಗಿದುಹೋಗುವ ತಾಳಗುಂದ ಶಾಸನ ಇದೇ. ಬರೆದವನು ಕುಬ್ಜ ಎಂಬ ಕವಿ. ಭಾಷೆ ಸಂಸ್ಕೃತ, ಕಾಲ ಸುಮಾರು ಕ್ರಿ.ಶ. 450, ಆಗ ಆಳುತ್ತಿದ್ದವನು ಕದಂಬರ ಶಾಂತಿವರ್ಮ. ಅವನ ತಂದೆ ಕಾಕುಸ್ಥವರ್ಮ ಇಲ್ಲಿ ಕೆರೆ ಕಟ್ಟಿಸಿದ್ದನ್ನು ಹೇಳುವ ನೆಪದಲ್ಲಿ ಕುಬ್ಜ ಇಡೀ ವಂಶದ ಕಥೆ ಹೇಳಿಬಿಟ್ಟಿದ್ದಾನೆ.

ಕಥೆ ನಿಮಗೂ ಗೊತ್ತು. ಮಯೂರಶರ್ಮ ಎಂಬ ಹುಡುಗ ಗುರು ವೀರಶರ್ಮನ ಜೊತೆ ಪಲ್ಲವರ ರಾಜಧಾನಿ ಕಂಚಿಗೆ ಹೋಗ್ತಾನೆ, ಅಲ್ಲಿನ ಘಟಿಕೆ ಸೇರ್ತಾನೆ. ಪಲ್ಲವರ ಅಶ್ವದಳದವನೊಬ್ಬನ ಜೊತೆ ಜಗಳವಾಗತ್ತೆ. ಅವಮಾನ ತಡೆಯಲಾರದೆ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡೀತಾನೆ. ಮುಂದೆ ಕದಂಬ ರಾಜ್ಯ ಹುಟ್ಟತ್ತೆ. ಸಿನಿಮಾ ನೋಡಿದವರಿಗೆ ನೆನಪಿರುವುದು ಈ ಕತ್ತಿಯೇ.

ನನಗೆ ಮಾತ್ರ ಅವತ್ತು ಅನ್ನಿಸಿದ್ದು ಬೇರೆ. ಇವನನ್ನು ಕಂಚಿಯಲ್ಲಿ ಹೇಗೆ ಸೇರಿಸಿಕೊಂಡರು? ಕಾರಲ್ಲಿ ಹೋದರೂ ಇಡೀ ದಿನದ ದಾರಿ. ರಾಜ್ಯ ಬೇರೆ, ದೊರೆ ಬೇರೆ. ಇಲ್ಲಿ ಕಲಿತದ್ದು ಅಲ್ಲಿ ನಡೆಯಿತು!

ಈ ಪ್ರಶ್ನೆ ಯಾಕೆ ಬಂತೆಂದರೆ ನಾನೂ ಒಬ್ಬ ನೊಂದ ವಿದ್ಯಾರ್ಥಿ. ಡಿಗ್ರಿ ಎರಡನೇ ವರ್ಷದಲ್ಲಿ ಅಪ್ಪನಿಗೆ ವರ್ಗವಾಯಿತು. ಒಂದು ಸರ್ಕಾರಿ ಕಾಲೇಜಿನಿಂದ ಇನ್ನೊಂದು ವಿಶ್ವವಿದ್ಯಾಲಯದ ಖಾಸಗಿ ಕಾಲೇಜಿಗೆ ಹೋದೆ. "ನಿಮ್ಮ ಸಿಲಬಸ್ ಬೇರೆ, ನಮ್ಮದು ಬೇರೆ. ಮೊದಲನೇ ವರ್ಷದಿಂದ ಕೂತ್ಕೊಳಮ್ಮ" ಅಂದರು ಗುಮಾಸ್ತರು. ಎರಡೂ ಕಡೆ ಅದೇ ಅರ್ಥಶಾಸ್ತ್ರ, ಅದೇ ಪುಸ್ತಕ. ಒಂದು ವರ್ಷ ಹೋಯಿತು. ಅಪ್ಪ ಎರಡು ಸಲ ಫೀಸು ಕಟ್ಟಿದರು, ಏನೂ ಅನ್ನಲಿಲ್ಲ. ಅದು ಇವತ್ತಿಗೂ ಚುಚ್ಚತ್ತೆ.

ಹಾಗಾದರೆ ಹಿಂದಿನವರು ಏನು ಮಾಡುತ್ತಿದ್ದರು? ತಾಳಗುಂದದಿಂದ ಶಿರಾಳಕೊಪ್ಪಕ್ಕೆ ವಾಪಸ್ ಬಂದು ಬಳ್ಳಿಗಾವಿಗೆ ಹೋದರೆ ಉತ್ತರದ ಒಂದು ತುಂಡು ಸಿಗತ್ತೆ. ಕೇದಾರೇಶ್ವರ ದೇವಸ್ಥಾನಕ್ಕೆ ಸೇರಿದ ಕೋಡಿಯ ಮಠ ಇದ್ದದ್ದು ಅಲ್ಲೇ. ನಡೆಸುತ್ತಿದ್ದವರು ಕಾಳಾಮುಖ ಶೈವರು. 1162ರ ಶಾಸನ ಅಲ್ಲಿ ಏನೇನು ನಡೆಯುತ್ತಿತ್ತು ಎಂದು ಪಟ್ಟಿ ಮಾಡತ್ತೆ. ನಾಲ್ಕು ವೇದ, ಪುರಾಣ, ಕಾವ್ಯ, ನಾಟಕ ಇವೆಲ್ಲ ಇರಬೇಕಾದದ್ದೇ. ಆದರೆ ವ್ಯಾಕರಣದ ಸಾಲಿನಲ್ಲಿ ಪಾಣಿನಿಯ ಜೊತೆ ಶಾಕಟಾಯನನೂ ಇದ್ದಾನೆ. ಅವನು ಜೈನ. ದರ್ಶನಗಳ ಸಾಲಿನಲ್ಲಿ ನ್ಯಾಯ, ಮೀಮಾಂಸೆ, ಸಾಂಖ್ಯದ ಜೊತೆ ಬೌದ್ಧವೂ ಇದೆ. ಶೈವ ಮಠದಲ್ಲಿ ಜೈನನ ವ್ಯಾಕರಣ, ಬುದ್ಧನ ತತ್ವ! ಅದೇ ಊರಲ್ಲಿ ಬಸದಿಗಳಿದ್ದವು. 1065ರಲ್ಲಿ ಕಟ್ಟಿದ ಬೌದ್ಧ ವಿಹಾರವೂ ಇತ್ತು. ಎದುರುಬೀದಿಯವನ ಪುಸ್ತಕವನ್ನು ತಮ್ಮ ಹುಡುಗರಿಗೂ ಓದಿಸುತ್ತಿದ್ದರು. ವಾದ ಮಾಡಿ ಗೆಲ್ಲಬೇಕಾದರೂ ಮೊದಲು ಎದುರಾಳಿಯನ್ನು ಓದಬೇಕಲ್ಲ.

ಖರ್ಚು ಯಾರದು? ಇದಕ್ಕೆ ವಿಜಯಪುರ ಜಿಲ್ಲೆಯ ಸಾಲೋಟಗಿಯ ಶಾಸನ ನೋಡಬೇಕು. ಕ್ರಿ.ಶ. 945, ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲ. ಅವನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಗೆ ಬೇರೆ ಬೇರೆ ನಾಡುಗಳಿಂದ ಹುಡುಗರು ಬರುತ್ತಿದ್ದರು. ಅವರು ಇರಲು 27 ಮನೆಗಳಿದ್ದವು. ಮಂತ್ರಿ ಕಟ್ಟಿಸಿದ್ದಾಯಿತು, ನಡೆಸುವುದು ಹೇಗೆ? ಊರಿನವರೂ ಕೈಜೋಡಿಸಿದರು. ಮದುವೆಯಾದರೆ 5 ನಾಣ್ಯ, ಮುಂಜಿಗೆ ಅದರ ಅರ್ಧ, ಚೌಲಕ್ಕೆ ಅದರ ಅರ್ಧ ಶಾಲೆಗೆ ಕೊಡುತ್ತಿದ್ದರು. ಇತ್ತ ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನದಲ್ಲಿ 1058ರಲ್ಲಿ 6 ಜನ ಸರಸ್ವತೀ ಭಂಡಾರಿಗರಿದ್ದರು, ಅಂದರೆ ಲೈಬ್ರರಿಯನ್ನರು. ಈಗ ಎಷ್ಟು ಕಾಲೇಜುಗಳಲ್ಲಿ ಒಬ್ಬರಾದರೂ ಇದ್ದಾರೆ ಹೇಳಿ.

ಸುವರ್ಣಯುಗ ಅಂತ ಕುಣಿಯಲು ನನಗೆ ಮನಸ್ಸಿಲ್ಲ ಬಿಡಿ. ಅಗ್ರಹಾರದ ಬಾಗಿಲು ತೆರೆಯುತ್ತಿದ್ದದ್ದು ಒಂದೇ ಜಾತಿಯ ಗಂಡುಮಕ್ಕಳಿಗೆ. ಆ ಕಾಲದಲ್ಲಿ ಹುಟ್ಟಿದ್ದರೆ ಒಂದು ವರ್ಷ ಕಳೆದುಕೊಳ್ಳುವ ಯೋಗವೂ ನನಗಿರುತ್ತಿರಲಿಲ್ಲ. ಕೋಡಿಯ ಮಠ ಬಡವರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ಹಾಕುತ್ತಿತ್ತು, ರೋಗಿಗಳಿಗೆ ಔಷಧಿ ಕೊಡುತ್ತಿತ್ತು. ಆದರೆ ಅನ್ನ ಸಿಕ್ಕವರಿಗೆಲ್ಲ ಅಕ್ಷರವೂ ಸಿಕ್ಕಿತೆಂದು ಆ ಕಲ್ಲು ಹೇಳುವುದಿಲ್ಲ.

ನಮ್ಮ ಕಾಲ ಈ ಬಾಗಿಲನ್ನು ತೆರೆದಿದೆ. ಈ ಸೀಮೆಯ ಮಕ್ಕಳಿಗೆ ಶಂಕರಘಟ್ಟದಲ್ಲಿ 1987ರಿಂದ ಕುವೆಂಪು ವಿಶ್ವವಿದ್ಯಾಲಯವಿದೆ. ಸರ್ಕಾರಿ, ಖಾಸಗಿ ಕಾಲೇಜುಗಳೂ ಒಂದು ಕಡೆ ಕೂಡಿ ಕೆಲಸ ಮಾಡಿದ್ದುಂಟು. ಸಿಇಟಿ ಬರೆದು ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಸೀಟು ಹಿಡಿದವರು ನಿಮ್ಮ ಆಫೀಸಿನಲ್ಲೇ ಹತ್ತು ಜನ ಸಿಗ್ತಾರೆ. ಆದರೆ ಅಲ್ಲಿ ಹಂಚಿಕೊಂಡದ್ದು ಸೀಟು, ಕಲಿಕೆಯಲ್ಲ. ಒಂದು ಕಡೆ ಓದಿದ್ದನ್ನು ಇನ್ನೊಂದು ಕಡೆ ಲೆಕ್ಕಕ್ಕೆ ತೆಗೆದುಕೊಳ್ಳಲಿ ಅಂತ 2021ರಲ್ಲಿ ಕೇಂದ್ರ ಸರ್ಕಾರ ಕ್ರೆಡಿಟ್ ಬ್ಯಾಂಕ್ ಶುರುಮಾಡಿತು. ಒಳ್ಳೆಯದೇ. ಆದರೆ ಬ್ಯಾಂಕಿನಲ್ಲಿ ದುಡ್ಡಿದ್ದರೆ ಸಾಲದು, ಅಂಗಡಿಯವನು ಆ ನೋಟನ್ನು ತೆಗೆದುಕೊಳ್ಳಬೇಕು. ಪಕ್ಕದ ಕಾಲೇಜಿನ ಮೇಷ್ಟ್ರೂ ನಮ್ಮ ಹಾಗೇ ಪಾಠ ಮಾಡಿದ್ದಾರೆ ಅನ್ನುವ ನಂಬಿಕೆ ಬೇಕು. ಅದು ಪೋರ್ಟಲ್‌ನಲ್ಲಿ ಡೌನ್‌ಲೋಡ್ ಆಗುವುದಿಲ್ಲ.

ಹೊರಡುವಾಗ ದೇವಸ್ಥಾನದ ಹತ್ತಿರ ಕೂತಿದ್ದ ಅಜ್ಜ ಕೇಳಿದರು, "ಏನಮ್ಮಾ, ಕಲ್ಲಲ್ಲಿ ಏನ್ ಬರ್ದೈತೆ?"

"ಇಲ್ಲಿಯ ಹುಡುಗ ಒಬ್ಬ ಓದೋಕೆ ದೂರದೂರಿಗೆ ಹೋಗಿದ್ದನಂತೆ ಅಜ್ಜ."

"ನಮ್ ಮೊಮ್ಮಗಳೂ ಹಂಗೇ. ಶಿವಮೊಗ್ಗಕ್ಕೆ ಹೋಗ್ಯಾಳೆ. ಬೆಂಗಳೂರಿಗೆ ಹೋಗ್ತೀನಿ ಅಂತಾಳೆ, ಇಲ್ಲಿ ಓದಿದ್ದು ಅಲ್ಲಿ ನಡೀತದಾ?"

ನಡೆಯತ್ತೆ ಅಜ್ಜ ಅಂದೆ. ಬಸ್ಸಿನಲ್ಲಿ ಕೂತ ಮೇಲೆ, ಅಷ್ಟು ಧೈರ್ಯವಾಗಿ ಹೇಳಬಾರದಿತ್ತೇನೋ ಅನ್ನಿಸಿತು.