ಬರೆದವರಿಗೆ ಸಿಕ್ಕಿದ್ದೇನು, ಬರೆದದ್ದು ಉಳಿದದ್ದೆಲ್ಲಿ?

ಕಲಘಟಗಿಯ ಬಣ್ಣದ ತೊಟ್ಟಿಲು, ನವಲಗುಂದದ ಜಮಖಾನ, ಕುಂದಗೋಳದ ಮೆಣಸಿನಕಾಯಿ, ಅಣ್ಣಿಗೇರಿಯ ಕಡ್ಲಿ ರಾಶಿ. ನಮ್ಮ ಜಿಲ್ಲೆಯ ಯಾವುದನ್ನು ಹುಡುಕಿದರೂ ಈಗ ಯಾರೋ ಒಬ್ಬರು ಮಾಡಿದ ವಿಡಿಯೊ ಸಿಗುತ್ತದೆ. ಅದನ್ನು ಮಾಡಿದ ಹುಡುಗರಲ್ಲಿ ಹೆಚ್ಚಿನವರಿಗೆ ಒಂದು ರೂಪಾಯಿಯೂ ಸಿಕ್ಕಿಲ್ಲ. ಇವರ ಕಿವಿಗೆ ಈಗ ಹೊಸ ಸಲಹೆಯೊಂದು ಬೀಳುತ್ತಿದೆ: ‘ದೊಡ್ಡ ಕಂಪನಿಗೆ ಯಾಕ ಪುಕ್ಕಟೆ ದುಡೀತೀರಿ? ಬ್ಲಾಕ್‌ಚೈನ್‌ನ್ಯಾಗ ಹಾಕ್ರಿ. ಯಾರೂ ಅಳಸಾಕ ಬರಂಗಿಲ್ಲ, ರೊಕ್ಕಾನೂ ಬರ್ತದ.’

ಈ ಸಲಹೆಯಲ್ಲಿ ಎರಡು ಆಸೆಗಳಿವೆ. ಬರೆದವರಿಗೆ ಏನಾದರೂ ಸಿಗಬೇಕು, ಬರೆದದ್ದು ಉಳಿಯಬೇಕು. ಎರಡೂ ಹಳೆಯವು. ನಮ್ಮ ನೆಲದಲ್ಲಿ ಇವಕ್ಕೆ ಸಾವಿರ ವರ್ಷಗಳ ಲೆಕ್ಕವಿದೆ. ಜಿಲ್ಲೆಯಲ್ಲಿ ಸುದ್ದಿ ಬರೆದು, ಸುದ್ದಿಗಿಷ್ಟು ಅಂತ ಪಡೆಯುವ ನಾವು ಆ ಲೆಕ್ಕವನ್ನು ಒಮ್ಮೆ ತೆಗೆದು ನೋಡುವುದು ಒಳ್ಳೆಯದು.

ಮೊದಲ ಪುಟ ಅಣ್ಣಿಗೇರಿಯದು. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮನೆತನದವಳು. ಇದು ಗೊತ್ತಾದದ್ದು ಈಗಿನ ತೆಲಂಗಾಣದ ಕುರಿಕ್ಯಾಲದ ಹತ್ತಿರವಿರುವ ಬಂಡೆಯ ಶಾಸನದಿಂದ. ಅದನ್ನು ಕೆತ್ತಿಸಿದವನು ಪಂಪನ ತಮ್ಮ ಜಿನವಲ್ಲಭ. ಸಂಸ್ಕೃತ, ಕನ್ನಡ, ತೆಲುಗು, ಮೂರೂ ಭಾಷೆ ಅದರಲ್ಲಿವೆ. ಅರಿಕೇಸರಿ ರಾಜ ಪಂಪನಿಗೆ ಧರ್ಮವುರವೆಂಬ ಅಗ್ರಹಾರ ಕೊಟ್ಟದ್ದನ್ನೂ ಅದು ಹೇಳುತ್ತದೆ. ಅಂದರೆ ಬರೆದವನಿಗೆ ಒಂದು ಊರೇ ಸಿಕ್ಕಿತ್ತು, ಸಿಕ್ಕಿದ್ದಕ್ಕೆ ಕಲ್ಲಿನ ರಸೀದಿಯೂ ಇತ್ತು.

ಆದರೆ ಆ ಊರು ಸುಮ್ಮನೆ ಬಂದದ್ದಲ್ಲ. ಸುಮಾರು 941ರ ವಿಕ್ರಮಾರ್ಜುನ ವಿಜಯದಲ್ಲಿ ಅರ್ಜುನ ಮತ್ತು ಅರಿಕೇಸರಿ ಒಬ್ಬನೇ ಆಗುತ್ತಾರೆ. ಕೊಡುವವನ ಮುಖ ಕಾವ್ಯದ ನಾಯಕನ ಮುಖದಲ್ಲಿ ಸೇರಿಕೊಂಡಿದೆ. ಅದೇ ಪಂಪ ಬರೆದ ಆದಿಪುರಾಣದ ನಾಯಕ ಆದಿತೀರ್ಥಂಕರ. ಅದನ್ನು ಬರೆಸಿದ್ದು ಅವನ ಶ್ರದ್ಧೆ. ಒಬ್ಬನೇ ಕವಿ, ಎರಡು ಪ್ರೇರಣೆ, ಎರಡು ಬಗೆಯ ಪುಸ್ತಕ. ಏನು ಸಿಗುತ್ತದೆ ಎಂಬುದರ ಮೇಲೆ ಏನು ಬರೆಯುತ್ತೇವೆ ಎಂಬುದೂ ನಿಲ್ಲುತ್ತದೆ ಎನ್ನುವುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಕನ್ನಡದಲ್ಲಿ ಸಿಗುವುದು ಕಷ್ಟ.

ಉಳಿಸುವ ಮಾತಿಗೆ ಬಂದರೆ ಲಕ್ಕುಂಡಿಯ ಅತ್ತಿಮಬ್ಬೆಯನ್ನು ನೆನೆಯಬೇಕು. ಲಕ್ಕುಂಡಿ 1997ರವರೆಗೆ ನಮ್ಮ ಧಾರವಾಡ ಜಿಲ್ಲೆಯಲ್ಲೇ ಇತ್ತು. ಪೊನ್ನನ ಶಾಂತಿಪುರಾಣವನ್ನು ಆಕೆ ಸಾವಿರ ಪ್ರತಿ ಬರೆಸಿ ಹಂಚಿದಳು. ಆಗ ಓಲೆಗರಿಯ ಮೇಲೆ ಕಂಠದಿಂದ ಒಂದೊಂದೇ ಅಕ್ಷರ ಕೊರೆಯಬೇಕಿತ್ತು. ಒಂದು ಪ್ರತಿಗೆ ಗೆದ್ದಲು ಹತ್ತಿದರೆ ಇನ್ನೊಂದು ಎಲ್ಲೋ ಉಳಿದಿರುತ್ತದೆ ಎನ್ನುವುದು ಇದರ ಫಲ.

ಕಲ್ಲು, ಓಲೆಗರಿಗಳ ಜೊತೆಗೆ ಕಡತವೂ ನಮ್ಮಲ್ಲಿತ್ತು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಒಣಗಿಸಿ, ಮಡಚಿ ಮಾಡಿದ ಪುಸ್ತಕ ಅದು. ಬಳಪದಿಂದ ಬರೆಯುವುದು, ಬೇಡವಾದರೆ ಒರೆಸಿ ಮತ್ತೆ ಬರೆಯುವುದು. ವ್ಯಾಪಾರಿಗಳ ದಿನದ ಲೆಕ್ಕ, ಸಾಲ, ಊರಿನ ಸಂಗತಿ ಅದರಲ್ಲಿ ಇರುತ್ತಿದ್ದವು. ದಾನದ ಶಾಸನವನ್ನು ಅಳಿಸಿದವರಿಗೆ ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪ ಎಂದು ಶಾಪ ಕೆತ್ತಿಸುತ್ತಿದ್ದ ಅದೇ ಜನ, ದಿನದ ವ್ಯವಹಾರಕ್ಕೆ ಅಳಿಸಲು ಬರುವ ಬಟ್ಟೆಯನ್ನೇ ಇಟ್ಟುಕೊಂಡಿದ್ದರು. ಯಾವುದು ಕಲ್ಲಿಗೆ, ಯಾವುದು ಕಡತಕ್ಕೆ ಎಂಬ ವಿವೇಕ ಅವರಿಗಿತ್ತು.

ಅಚ್ಚುಮೊಳೆ ಬಂದ ಮೇಲೆ ಕೊಡುವ ಕೈ ಬದಲಾಯಿತು. ಮುಂಬೈ ಪ್ರಾಂತ್ಯದಲ್ಲಿ ಮರಾಠಿಯೇ ಮೇಲಾಗಿದ್ದ ಕಾಲದಲ್ಲಿ, 1890ರಲ್ಲಿ ರಾ.ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದರು. 1896ರಲ್ಲಿ ಸಂಘದ ‘ವಾಗ್ಭೂಷಣ’ ಬಂತು. ಅಲ್ಲಿ ಬರೆದವರನ್ನು ಎಳೆದು ತಂದದ್ದು ಕನ್ನಡ ಉಳಿಯಬೇಕೆಂಬ ಹಟ. ಬರೆದದ್ದಕ್ಕೆ ಶಿಕ್ಷೆ ಸಿಕ್ಕ ದಿನಗಳೂ ಇದ್ದವು. ‘ನರಬಲಿ’ ಕವಿತೆಗಾಗಿ ಬೇಂದ್ರೆಯವರಿಗೆ ಸರ್ಕಾರ ಕೊಟ್ಟದ್ದು ಸೆರೆಮನೆ, ಆಮೇಲೆ ಧಾರವಾಡದ ಹತ್ತಿರದ ಮುಗದದಲ್ಲಿ ನಿರ್ಬಂಧ.

1933ರಲ್ಲಿ ಜಿ.ಬಿ. ಜೋಶಿಯವರು ಶುರುಮಾಡಿದ ಮನೋಹರ ಗ್ರಂಥಮಾಲೆ ಮತ್ತೊಂದು ದಾರಿ ತೋರಿಸಿತು. ಓದುಗರು ವರ್ಷದ ಚಂದಾ ಮೊದಲೇ ಕಟ್ಟುವುದು, ಮಾಲೆಯ ಪುಸ್ತಕಗಳು ಮನೆಗೆ ಬರುವುದು. ಸುಭಾಸ ರಸ್ತೆಯ ಆ ಅಟ್ಟದಿಂದಲೇ ಹೊಸಬರಾಗಿದ್ದ ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಹೊರಬಂತು. 1980ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಜಾಹೀರಾತೇ ಬೇಡವೆಂದು ಓದುಗರ ಕಾಸಿನ ಮೇಲೆ ನಿಂತಿತು. ಓದುವವನೇ ಕೊಡುವವನಾದಾಗ ಬರೆಯುವವನಿಗೆ ಬೇರೊಬ್ಬರ ಮುಖ ನೋಡುವ ಕೆಲಸ ಕಡಿಮೆ.

ಅದೇ 1980ರ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಕರದ ವಿರುದ್ಧ ಎದ್ದರು. ಗೋಲಿಬಾರ್ ಆಯಿತು, ರೈತರು ಸತ್ತರು. ಜನ ಅವರಿಗೆ ವೀರಗಲ್ಲು ನಿಲ್ಲಿಸಿದರು. ಪ್ರತಿವರ್ಷ ಆ ದಿನ ಇಂದಿಗೂ ಅಲ್ಲಿ ಮಾಲೆ ಬೀಳುತ್ತದೆ. ಹಳೆಯ ಶಾಸನಗಳಲ್ಲಿ ಹೆಚ್ಚಿನವು ದಾನ ಕೊಟ್ಟವರ ಹೆಸರು ಹೇಳುತ್ತವೆ. ಊರ ದನ ಕಾಯಲು ಹೋಗಿ ಸತ್ತ ಸಾಮಾನ್ಯನಿಗೆ ಸಿಕ್ಕ ಕಲ್ಲು ವೀರಗಲ್ಲು ಒಂದೇ. ರೈತರ ಕಲ್ಲು ಆ ಸಾಲಿನದು.

ಇದರ ಪಕ್ಕದಲ್ಲಿ 2016 ಇಟ್ಟು ನೋಡಿ. ಜುಲೈ 27ರಂದು ಮಹದಾಯಿ ನ್ಯಾಯಮಂಡಳಿ 7.56 ಟಿಎಂಸಿ ನೀರಿನ ಮಧ್ಯಂತರ ಅರ್ಜಿ ತಳ್ಳಿಹಾಕಿತು. ನವಲಗುಂದ ಹೊತ್ತಿತು. ತಾಲ್ಲೂಕಿನ ಯಮನೂರಿನಲ್ಲಿ ಪೊಲೀಸರು ಮುದುಕರು, ಹೆಣ್ಣುಮಕ್ಕಳು ಎನ್ನದೆ ಹೊಡೆದ ದೃಶ್ಯ ಟಿವಿಯಲ್ಲಿ, ಫೋನುಗಳಲ್ಲಿ ಹರಿದಾಡಿತು. ಇಂಥ ದಿನ ಫೋನ್ ಎತ್ತಿ ಹಿಡಿದವರು ಲೈಕಿಗಾಗಿ ಹಿಡಿದವರಲ್ಲ. ಊರಿಗೆ ಏನಾಯಿತೆಂದು ಹೊರಗೆ ತಿಳಿಯಲಿ ಎಂಬುದೇ ಅವರ ಆಸೆ. ಆದರೆ ಫೋನ್ ಒಡೆಯುತ್ತದೆ, ಖಾತೆ ಮುಚ್ಚುತ್ತದೆ. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ನಿಷೇಧಿಸಿದಾಗ ಹಳ್ಳಿಯ ಎಷ್ಟೋ ಜನರ ಕೆಲಸ ಒಂದೇ ಏಟಿಗೆ ಕಣ್ಮರೆಯಾಯಿತು. ಯೂಟ್ಯೂಬಿನಲ್ಲಿ ಉದ್ದ ವಿಡಿಯೊ ಹಾಕಿ ಜಾಹೀರಾತಿನ ಪಾಲು ಪಡೆಯಬೇಕಾದರೆ 1,000 ಚಂದಾದಾರರು, ಒಂದು ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಬೇಕು. ಆ ಗಂಟೆ ತುಂಬಿಸಲು ಹೊರಟವನು ಕಾಲುವೆಗೆ ನೀರು ಬರದ ಸುದ್ದಿ ಬಿಟ್ಟು ಜಗಳದ ಸುದ್ದಿ ಹಿಡಿಯುತ್ತಾನೆ. ಅರಿಕೇಸರಿಯ ಜಾಗದಲ್ಲಿ ಈಗ ಅಲ್ಗಾರಿದಂ ಕುಳಿತಿದೆ.

ಹಾಗಾದರೆ ಬ್ಲಾಕ್‌ಚೈನ್? ಅದು ಸಾವಿರಾರು ಕಂಪ್ಯೂಟರುಗಳಲ್ಲಿ ಪ್ರತಿ ಇರುವ ಲೆಕ್ಕದ ಪುಸ್ತಕ. ಪ್ರತಿ ಪುಟದ ಮೇಲೆ ಹಿಂದಿನ ಪುಟದ ಮೊಹರು ಇರುವುದರಿಂದ ನಡುವೆ ಒಂದನ್ನು ತಿದ್ದಿದರೆ ಸಿಕ್ಕಿಬೀಳುತ್ತದೆ. ಅತ್ತಿಮಬ್ಬೆಯ ಸಾವಿರ ಪ್ರತಿ ಮತ್ತು ಕಲ್ಲಿನ ಶಾಸನ ಎರಡೂ ಸೇರಿದಂತೆ. 2016ರಲ್ಲಿ ಬಂದ ಸ್ಟೀಮಿಟ್ ಇದರ ಮೇಲೆ ಬರಹದ ತಾಣ ಕಟ್ಟಿತು. ಓದುಗರ ವೋಟು ಬಿದ್ದರೆ ಏಳು ದಿನಗಳ ನಂತರ ಬರೆದವರಿಗೆ ಟೋಕನ್.

ಆದರೆ ಅಲ್ಲಿ ಒಬ್ಬರಿಗೆ ಒಂದು ವೋಟು ಎಂಬ ಲೆಕ್ಕವಿಲ್ಲ. ಹೆಚ್ಚು ಟೋಕನ್ ಇದ್ದವರ ವೋಟಿಗೆ ಹೆಚ್ಚು ತೂಕ, ಚಾವಡಿಯಲ್ಲಿ ಗೌಡರ ಮಾತಿಗೆ ಇದ್ದಂತೆ. ವೋಟು ಮಾರುವ ಬಾಟುಗಳೂ ಹುಟ್ಟಿಕೊಂಡವು. ಟೋಕನ್ ಬೆಲೆ ಕುಸಿದ 2018ರ ನವೆಂಬರಿನಲ್ಲಿ ಕಂಪನಿ ಶೇ 70ರಷ್ಟು ನೌಕರರನ್ನು ಕೈಬಿಟ್ಟಿತು. 2020ರಲ್ಲಿ ಜಸ್ಟಿನ್ ಸನ್ ಅದನ್ನು ಕೊಂಡಾಗ ಬಳಕೆದಾರರಲ್ಲಿ ಒಂದು ದೊಡ್ಡ ಗುಂಪು ಇಡೀ ಲೆಕ್ಕದ ಪುಸ್ತಕವನ್ನು ನಕಲು ಮಾಡಿಕೊಂಡು ‘ಹೈವ್’ ಎಂದು ಬೇರೆ ಮನೆ ಮಾಡಿತು. ಮಾಲೀಕರು ಬದಲಾದರೂ ಬರಹವನ್ನು ಹೊತ್ತುಕೊಂಡು ಹೊರಬರಬಹುದು ಎಂಬುದು ಇದರ ನಿಜವಾದ ಗೆಲುವು. ಫೇಸ್‌ಬುಕ್ಕಿನಲ್ಲಿ ಹಾಗೆ ಊರಿಗೆ ಊರೇ ಎದ್ದು ಹೋಗಲು ಬರುವುದಿಲ್ಲ. ಹಣದ ಮಾತು ಬೇರೆ. ನಮ್ಮಲ್ಲಿ 2022ರ ಏಪ್ರಿಲ್‌ನಿಂದ ಕ್ರಿಪ್ಟೊ ಲಾಭದ ಮೇಲೆ ಶೇ 30 ತೆರಿಗೆ, ಜುಲೈನಿಂದ ವಹಿವಾಟಿನ ಮೇಲೆ ಶೇ 1 ಟಿಡಿಎಸ್ ಇದೆ. ಹಳ್ಳಿಯ ಹುಡುಗನಿಗೆ ಇದು ಸಂಬಳವಾಗುವುದು ದೂರದ ಮಾತು.

ಇನ್ನೊಂದು ಸಂಗತಿ ರೊಕ್ಕಕ್ಕಿಂತ ದೊಡ್ಡದು. ಊರಲ್ಲಿ ಜಗಳವಾದ ದಿನ ಸಿಟ್ಟಿನಲ್ಲಿ ಮಾತಾಡಿದ ಹೆಣ್ಣುಮಗಳು ಮರುದಿನ ‘ಯಣ್ಣಾ, ಅದನ್ನ ತಗದಬಿಡ್ರಿ, ನಾವು ಇಲ್ಲೇ ಬಾಳೆ ಮಾಡೋರು’ ಎಂದು ಫೋನ್ ಮಾಡುತ್ತಾಳೆ. ಇಂಥ ಕರೆ ಬಾರದ ವರದಿಗಾರ ಇಲ್ಲ. ಕಡತದಲ್ಲಿದ್ದರೆ ಒರೆಸಬಹುದು. ಬ್ಲಾಕ್‌ಚೈನಿನಲ್ಲಿ ಇಟ್ಟರೆ ತಿದ್ದಿದ ಮೇಲೂ ಹಳೆಯದು ಹಿಂದೆ ಉಳಿಯುತ್ತದೆ. ಅವಳಿಗೆ ಅದು ಶಾಪ.

ಹೀಗಾಗಿ ‘ಯಾವುದರಲ್ಲಿ ಹಾಕಲಿ’ ಎಂದು ಕೇಳುವ ಗೆಳೆಯರಿಗೆ ನಾವು ಹೇಳುವುದು ಇಷ್ಟು: ಯಾಕೆ ಮಾಡುತ್ತಿದ್ದೀರಿ ಎಂಬುದನ್ನು ಮೊದಲು ತೀರ್ಮಾನಿಸಿ. ಹೊಟ್ಟೆಪಾಡಿಗಾದರೆ ಓದುವ, ನೋಡುವ ಜನರ ಚಂದಾ ಹುಡುಕಿ, ಧಾರವಾಡದ ಅಟ್ಟ ತೊಂಬತ್ತು ವರ್ಷ ಅದರ ಮೇಲೆ ನಡೆದಿದೆ. ನಾಲ್ಕು ಜನ ನೋಡಲಿ ಎಂದಾದರೆ ಯೂಟ್ಯೂಬ್, ಫೇಸ್‌ಬುಕ್ ಸಾಕು. ಸಾಕ್ಷಿಯಾಗಿ ಉಳಿಯಬೇಕಾದರೆ ಮಾತ್ರ ಕಲ್ಲಿನಂಥ ಜಾಗ ಬೇಕು. ವಿಡಿಯೊ ಬ್ಲಾಕ್‌ಚೈನಿನೊಳಗೆ ಹಿಡಿಸುವಂಥದ್ದಲ್ಲ. ಅದರ ಗುರುತಿನ ಮೊಹರನ್ನಷ್ಟೇ ಅಲ್ಲಿಟ್ಟು, ಮೂಲವನ್ನು ಮೂರು ನಾಲ್ಕು ಕಡೆ ಪ್ರತಿ ಮಾಡಿ ಇಡಬಹುದು.

2016ರ ಜುಲೈ ಕೊನೆಯ ವಾರದ ವಿಡಿಯೊ ನಿಮ್ಮ ಹಳೆಯ ಫೋನಿನಲ್ಲಿ, ಮೆಮೊರಿ ಕಾರ್ಡಿನಲ್ಲಿ ಇನ್ನೂ ಇದ್ದರೆ ದಯವಿಟ್ಟು ಅಳಿಸಬೇಡಿ. ಯಾವ ಊರು, ಯಾವ ದಿನ, ಯಾರು ತೆಗೆದದ್ದು ಎಂದು ಬರೆದಿಡಿ. ಅದರಲ್ಲಿ ಮುಖ ಕಾಣುವವರನ್ನು ಒಮ್ಮೆ ಕೇಳಿ. ಎರಡು ಪ್ರತಿ ಮಾಡಿ, ಒಂದನ್ನು ನೀವು ನಂಬುವ ಬೇರೆ ಮನೆಯಲ್ಲಿ ಇಡಿ.