ಕೀಲಿಮಣೆ ಒತ್ತುಗಳ ಗ್ರಹಣ: ತಂತ್ರಾಂಶ ರಚನೆಕಾರರಿಗೆ ಮಾಹಿತಿ

ವಿಂಡೋಸ್ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಒತ್ತಿದ ಕೀಲಿಯ ಸಂದೇಶವು ಸಾಮಾನ್ಯವಾಗಿ ಆ ಕ್ಷಣದಲ್ಲಿ ಸಕ್ರಿಯವಾಗಿರುವ ತಂತ್ರಾಂಶಕ್ಕೆ ಮಾತ್ರ ತಲುಪುತ್ತದೆ. ‘ನುಡಿ’ಯಂತಹ ಕನ್ನಡ ಲಿಪಿ ತಂತ್ರಾಂಶಗಳಾದರೋ ಇತರ ತಂತ್ರಾಂಶಗಳಲ್ಲಿ ಬೆರಳಚ್ಚು ಮಾಡುವಾಗಲೂ ಕೀಲಿಗಳನ್ನು ಗ್ರಹಿಸಬೇಕಾಗುತ್ತದೆ. ಇಂತಹ ಗ್ರಹಣಕ್ಕೆ ಮುಖ್ಯವಾಗಿ ಎರಡು ವಿಧಾನಗಳಿವೆ.

1. ಕೀಲಿ ನೋಂದಣಿ: ‘ರಿಜಿಸ್ಟರ್‌ಹಾಟ್‌ಕೀ’ ಮೂಲಕ ನೋಂದಾಯಿಸಿದ ಕೀಲಿಗಳನ್ನು ಒತ್ತಿದಾಗ ಮಾತ್ರ ಸಂದೇಶ ದೊರೆಯುತ್ತದೆ. ಅವುಗಳನ್ನು ಬೇರೊಂದು ತಂತ್ರಾಂಶವು ಮೊದಲೇ ನೋಂದಾಯಿಸಿದ್ದಲ್ಲಿ ನೋಂದಣಿಯು ವಿಫಲವಾಗುತ್ತದೆ.

2. ಕೀಲಿಮಣೆ ಹುಕ್: ‘ಸೆಟ್‌ವಿಂಡೋಸ್‌ಹುಕ್‌ಎಕ್ಸ್’ ಮೂಲಕ ಅಳವಡಿಸುವ ಕೆಳಹಂತದ ಹುಕ್, ಪ್ರತಿಯೊಂದು ಒತ್ತನ್ನೂ ಸಕ್ರಿಯ ತಂತ್ರಾಂಶಕ್ಕೆ ತಲುಪುವ ಮೊದಲೇ ಗ್ರಹಿಸುತ್ತದೆ. ಇದರ ಕಾರ್ಯವು ವಿಳಂಬವಾದಲ್ಲಿ, ವಿಂಡೋಸ್ 7 ಮತ್ತು ನಂತರದ ಆವೃತ್ತಿಗಳಲ್ಲಿ ವ್ಯವಸ್ಥೆಯು ಯಾವುದೇ ಸೂಚನೆ ನೀಡದೆ ಹುಕ್ಕನ್ನು ತೆಗೆದುಹಾಕಬಹುದು.

ಎಚ್ಚರಿಕೆ: ಪತ್ರದ ಒಕ್ಕಣೆಯಂತೆಯೇ ಬ್ಯಾಂಕಿನ ಗುಪ್ತಪದವೂ ಹುಕ್‌ಗೆ ಗೋಚರಿಸುತ್ತದೆ. ಗುಪ್ತಪದಗಳನ್ನು ಕದಿಯುವ ಕೀಲಾಗರ್‌ಗಳು ಇದೇ ಮಾರ್ಗವನ್ನು ಬಳಸುವುದುಂಟು. ಆದುದರಿಂದ ಒಂದೆರಡು ಕೀಲಿಗಳಷ್ಟೇ ಅಗತ್ಯವಿದ್ದಲ್ಲಿ ಮೊದಲನೆಯ ವಿಧಾನವನ್ನೇ ಅನುಸರಿಸುವುದು ಸೂಕ್ತ. ಹುಕ್ ಅನಿವಾರ್ಯವಾದಲ್ಲಿ ಒತ್ತುಗಳನ್ನು ಕಡತದಲ್ಲಿ ಸಂಗ್ರಹಿಸಬಾರದು. ಗಣಕಯಂತ್ರದ ಮಾಲೀಕರ ಅನುಮತಿಯಿಲ್ಲದೆ, ವಂಚನೆಯ ಉದ್ದೇಶದಿಂದ ದತ್ತಾಂಶ ಪಡೆಯುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಕಲಂ 43 ಮತ್ತು 66ರನ್ವಯ ಅಪರಾಧವಾಗಿದ್ದು, 3 ವರ್ಷಗಳವರೆಗೆ ಕಾರಾವಾಸ ಅಥವಾ 5 ಲಕ್ಷ ರೂ.ಗಳವರೆಗೆ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದಾಗಿದೆ.