ಸುಸ್ಥಿರ

ನಿಲ್ಲುವುದು ಎಂಬರ್ಥದ ‘ಸ್ಥಾ’ ಧಾತುವಿನಿಂದ ‘ಸ್ಥಿರ’. ಮುಂದೆ ‘ಸು’ ಸೇರಿ ‘ಸುಸ್ಥಿರ’, ಚೆನ್ನಾಗಿ ನೆಲೆನಿಂತದ್ದು. ಇದರ ಜೊತೆಗೆ ಬರುವ ‘ಅಭಿವೃದ್ಧಿ’ಯಲ್ಲಿರುವುದು ಬೆಳೆಯುವ ‘ವೃಧ್’. ನಿಲ್ಲುವುದನ್ನೂ ಬೆಳೆಯುವುದನ್ನೂ ಒಂದೇ ನೊಗಕ್ಕೆ ಕಟ್ಟಿದ ಜೋಡಿ ಇದು. ಎಳೆದಾಟ ಇದ್ದದ್ದೇ.

ಈ ಜೋಡಿ ವಿಶ್ವಸಂಸ್ಥೆಯ ಆಯೋಗವೊಂದರ 1987ರ ಬ್ರುಂಟ್‌ಲ್ಯಾಂಡ್ ವರದಿಯಿಂದ ಲೋಕದ ಬಾಯಿಗೆ ಬಿತ್ತು. ಆದರೆ ಬೇರು ಇರುವುದು ಸೌದೆಯಲ್ಲಿ. ಜರ್ಮನಿಯ ಸ್ಯಾಕ್ಸನಿಯಲ್ಲಿ ಬೆಳ್ಳಿಯ ಅದಿರು ಕರಗಿಸುವ ಕುಲುಮೆಗಳು ಕಾಡನ್ನು ನುಂಗುತ್ತಿದ್ದವು. ಗಣಿ ಅಧಿಕಾರಿ ಹಾನ್ಸ್ ಕಾರ್ಲ್ ಫಾನ್ ಕಾರ್ಲೊವಿಟ್ಸ್ 1713ರಲ್ಲಿ ಅರಣ್ಯ ಕೃಷಿಯ ಪುಸ್ತಕ ಬರೆದು, ಕಾಡು ಮರಳಿ ಬೆಳೆಯುವಷ್ಟನ್ನೇ ಕಡಿಯಬೇಕೆಂಬ ಲೆಕ್ಕ ಮುಂದಿಟ್ಟ. ಅವನು ಬಳಸಿದ ಮಾತಿನಿಂದಲೇ ‘ನಾಖ್‌ಹಾಲ್ಟಿಗ್‌ಕೈಟ್’ ಎಂಬ ಜರ್ಮನ್ ಪದ ಬೆಳೆಯಿತು. 1864ರಲ್ಲಿ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕನಾದ ಡೀಟ್ರಿಚ್ ಬ್ರಾಂಡಿಸ್ ಕೂಡ ಜರ್ಮನಿಯವನೇ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಹೊಗೆಸೊಪ್ಪಿನ ಬೆಳೆಗಾರರಿಗೆ ಕಾರ್ಲೊವಿಟ್ಸ್‌ನ ಕಷ್ಟ ಬಿಡಿಸಿ ಹೇಳಬೇಕಿಲ್ಲ. ವರ್ಜೀನಿಯಾ ಸೊಪ್ಪನ್ನು ಹದಮಾಡುವ ಮನೆಗೆ, ಅಂದರೆ ಬ್ಯಾರನ್ನಿಗೆ, ಏರಿಸಿದರೆ ಹದವಾಗುವವರೆಗೆ ದಿನಗಟ್ಟಲೆ, ರಾತ್ರಿಯೂ ಬಿಡದೆ, ಉರಿ ಹಾಕಬೇಕು. ಸೌದೆ ಎಲ್ಲಿಂದ? ಒಂದೆಡೆ ನಾಗರಹೊಳೆ ಕಾಡು, ಇನ್ನೊಂದೆಡೆ ಹೊಲದ ಬದುವಿನ ಮರ.

ನನ್ನನ್ನು ಕೇಳಿದರೆ ‘ಸುಸ್ಥಿರ’ಕ್ಕಿಂತ ‘ಬಾಳಿಕೆ’ಯೇ ಹೆಚ್ಚು ಹೊಂದುವ ಮಾತು, ಅದರೊಳಗೆ ಬಾಳೂ ಇದೆ. ಆದರೆ 2030ರ ಗಡುವಿನ 17 ‘ಸುಸ್ಥಿರ ಅಭಿವೃದ್ಧಿ ಗುರಿಗಳು’ ಪಂಚಾಯಿತಿ ಕಡತಕ್ಕೂ ಬಂದಾಗಿದೆ. ಇನ್ನು ಹೆಸರು ಬದಲಿಸುವವರು ಯಾರು?